ಹವಳ ತಿನ್ನುವ ಸೀ ಸ್ಲಗ್: ಮನೆಯ ರೀಫ್ ಟ್ಯಾಂಕಿನಲ್ಲಿ ಗುರುತು ಹಿಡಿಯುವ ಕ್ರಮ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿರುವ ಗೆಳೆಯರಿಂದ ಒಂದೇ ಥರದ ಫೋಟೋ ಬರುತ್ತಲೇ ಇರುತ್ತದೆ. ನೀಲಿ ಲೈಟಿನಲ್ಲಿ ತೆಗೆದಿದ್ದು, ಮಧ್ಯದಲ್ಲಿ ಮಸುಕಾದ ಒಂದು ಚುಕ್ಕೆ. ಕೆಳಗೆ ಪ್ರಶ್ನೆ: "ಇದು ಒಳ್ಳೇ ಹುಳನೋ, ಕೆಟ್ಟ ಹುಳನೋ?" ಆ ಫೋಟೋ ನೋಡಿ ಯಾರೂ ಹೇಳಲಾರರು. ಉತ್ತರ ಸಿಗುವಷ್ಟರಲ್ಲಿ ಪಾಚಿ ತಿಂದುಕೊಂಡಿದ್ದ ಪಾಪದ ಜೀವಿಯೊಂದು ಸಿಂಕಿಗೆ ಹೋಗಿರುತ್ತದೆ. ಹವಳ ತಿನ್ನುವ ಹುಳು ಮಾತ್ರ ಫ್ರ್ಯಾಗ್ ಪ್ಲಗ್ಗಿನ (ಹವಳದ ತುಂಡು ಅಂಟಿಸುವ ಚಿಕ್ಕ ಬಿಲ್ಲೆ) ಅಡಿಯಲ್ಲಿ ಆರಾಮಾಗಿ ಮೊಟ್ಟೆ ಇಡುತ್ತಿರುತ್ತದೆ.

ಎಡವುವುದು ಎಲ್ಲಿ ಅಂದರೆ, ಎಲ್ಲರೂ ಹುಳುವಿನ ಬಣ್ಣದಿಂದ ಶುರು ಮಾಡುತ್ತಾರೆ. ಮೊಬೈಲಿನಲ್ಲಿ ಚಿತ್ರ ಹುಡುಕಿ ಹೋಲಿಸುತ್ತಾರೆ. ಆದರೆ ಹವಳ ತಿನ್ನುವ ನ್ಯೂಡಿಬ್ರಾಂಕ್‌ಗಳಲ್ಲಿ (ಚಿಪ್ಪಿಲ್ಲದ ಸೀ ಸ್ಲಗ್‌ಗಳು) ಹಲವು, ತಾವು ತಿಂದ ಹವಳದ ಬಣ್ಣವನ್ನೇ ಮೈಗೆ ತಂದುಕೊಳ್ಳುತ್ತವೆ. ಒಂದೇ ಜಾತಿಯ ಹುಳು ನಿಮ್ಮ ಮನೆಯಲ್ಲಿ ಹಸಿರು, ಪಕ್ಕದ ಮನೆಯಲ್ಲಿ ಕಂದು. ಹಾಗಾಗಿ ಇಲ್ಲಿನ ಕ್ರಮ ಉಲ್ಟಾ. ಮೊದಲು ಯಾವ ಹವಳ ಹಾಳಾಗುತ್ತಿದೆ ಎಂದು ನೋಡಬೇಕು, ಆಮೇಲೆ ಮೊಟ್ಟೆ, ಹುಳು ಕೊನೆಗೆ.

ಶುರು ಮಾಡುವ ಮುಂಚೆ ಬೇಕಾಗುವ ಸಾಮಾನು

ದುಬಾರಿ ವಸ್ತು ಯಾವುದೂ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ 50 ಎಂ.ಎಲ್. ಸಿರಿಂಜ್ ಸೂಜಿ ಇಲ್ಲದೆ ಒಂದು, ಅದರ ತುದಿಗೆ ಸಿಕ್ಕಿಸಲು ಒಂದು ಗೇಣು ಏರ್‌ಲೈನ್ ಟ್ಯೂಬ್. ಒಂದು ಭೂತಗನ್ನಡಿ. ಚಿನ್ನ ಬೆಳ್ಳಿ ಅಂಗಡಿಯವರು ಕಣ್ಣಿಗೆ ಇಟ್ಟುಕೊಳ್ಳುವ ಲೂಪ್ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಬಿಳಿ ಪಿಂಗಾಣಿ ಬಟ್ಟಲು, ಚಿಮುಟ, ಹಳೆಯ ಮೆತ್ತನೆ ಟೂತ್ ಬ್ರಷ್, ಒಂದು ತುಂಡು ಗ್ರಾಫ್ ಪೇಪರ್. ಟಾರ್ಚ್ ಎರಡು: ಒಂದು ಬಿಳಿ, ಇನ್ನೊಂದರ ಮುಖಕ್ಕೆ ಕೆಂಪು ಜಿಲೆಟಿನ್ ಪೇಪರ್ ಕಟ್ಟಿದ್ದು.

ನೈಟ್ರೈಲ್ ಗ್ಲೌಸ್ ಮತ್ತು ಕಣ್ಣಿಗೆ ಕನ್ನಡಕ ಮಾತ್ರ ಬಿಡುವ ಹಾಗೇ ಇಲ್ಲ. ಝೋಆಂಥಿಡ್ ಮತ್ತು ಪಾಲಿಥೋವಾ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು. ಉಜ್ಜುವಾಗ ಹಾರಿದ ಹನಿ ಕಣ್ಣಿಗೆ ಬಿದ್ದರೂ, ಕೈಯ ಗಾಯಕ್ಕೆ ತಾಗಿದರೂ ಆಸ್ಪತ್ರೆ ಸೇರಬೇಕಾದೀತು. ಆ ಕಲ್ಲನ್ನು "ಕ್ರಿಮಿ ಸಾಯಲಿ" ಅಂತ ಬಿಸಿನೀರಲ್ಲಿ ಕುದಿಸುವುದಂತೂ ಬೇಡವೇ ಬೇಡ. ಅದರ ಹಬೆಯಿಂದ ಮನೆಮಂದಿಯೆಲ್ಲ ಕಾಯಿಲೆ ಬಿದ್ದ ಉದಾಹರಣೆಗಳಿವೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಕೊಳೆ ರೋಗಕ್ಕೆ ಬೋರ್ಡೋ ಕಲಸಿದ ಬಕೆಟ್, ಮಗ್ಗು, ಡ್ರಮ್ಮು ಯಾವುದನ್ನೂ ಟ್ಯಾಂಕ್ ಕೆಲಸಕ್ಕೆ ತರಬೇಡಿ. ಎಷ್ಟು ತೊಳೆದರೂ ಬೇಡ. ಬೋರ್ಡೋದಲ್ಲಿರುವ ಮೈಲುತುತ್ತ ಎಂದರೆ ತಾಮ್ರ. ಹವಳ, ಸಿಗಡಿ, ಬಸವನಹುಳು ಯಾವುದಕ್ಕೂ ತಾಮ್ರ ತಡೆಯುವುದಿಲ್ಲ. ತೋಟದಲ್ಲಿ ಮದ್ದು ಹೊಡೆದು ಬಂದ ದಿನ ಟ್ಯಾಂಕಿಗೆ ಕೈ ಹಾಕದಿದ್ದರೆ ಉತ್ತಮ.

ಹಂತ 1: ತೊಂದರೆ ನೀರಿನದೋ, ಹುಳುವಿನದೋ?

ಹವಳ ಮುಚ್ಚಿಕೊಂಡ ತಕ್ಷಣ ಹುಳು ಹುಡುಕಲು ಹೋಗಬೇಡಿ. ಟ್ಯಾಂಕಿನ ಎಲ್ಲ ಹವಳವೂ ಒಟ್ಟಿಗೆ ಮುದುಡಿದ್ದರೆ ಅದು ಬಹುತೇಕ ನೀರಿನ ಸಮಸ್ಯೆ. ಒಂದೇ ಜಾತಿ ಮುದುಡಿ, ಪಕ್ಕದ ಬೇರೆ ಜಾತಿ ಚೆನ್ನಾಗಿ ಅರಳಿದ್ದರೆ ಹುಳುವಿನ ಮೇಲೆ ಅನುಮಾನ ಪಡಿ.

ಮೊದಲು ಉಪ್ಪಿನಂಶ, ಉಷ್ಣತೆ, ಆಲ್ಕಲಿನಿಟಿ ಮೂರನ್ನು ಅಳೆಯಿರಿ. ಉಪ್ಪಿನ ಮಾಪಕದಲ್ಲಿ (ಸಾಪೇಕ್ಷ ಸಾಂದ್ರತೆ) 1.025ರ ಆಸುಪಾಸು, ಉಷ್ಣತೆ 25–26 ಡಿಗ್ರಿ, ಆಲ್ಕಲಿನಿಟಿ 8–9 ಡಿಕೆಎಚ್ (ಅದರ ಅಳತೆಯ ಮಾನ) ಇದ್ದು, ಎರಡು ಮೂರು ದಿನ ಹಾಗೇ ನಿಂತಿದ್ದರೆ ನೀರನ್ನು ಅನುಮಾನದಿಂದ ಬಿಡಬಹುದು.

ಇಲ್ಲಿ ನಮ್ಮ ಕಡೆಯವರು ಮಾಡುವ ತಪ್ಪು ಒಂದಿದೆ. ಬೇಸಿಗೆಯಲ್ಲಿ ಆವಿಯಾದ ನೀರಿಗೆ ದಿನಾ ಇಷ್ಟು ಅಂತ ಅಭ್ಯಾಸವಾಗಿರುತ್ತದೆ. ಜೂನ್ ಬಂದು ಮಳೆ ಹಿಡಿದರೆ ಗಾಳಿಯಲ್ಲೇ ತೇವ, ಟ್ಯಾಂಕಿನ ನೀರು ಅಷ್ಟು ಆರುವುದಿಲ್ಲ. ಆದರೂ ಅದೇ ಅಳತೆಯಲ್ಲಿ ಸಿಹಿನೀರು ಸುರಿಯುತ್ತಾ ಹೋದರೆ ಉಪ್ಪು ಇಳಿಯುತ್ತದೆ, ಹವಳ ಮುಚ್ಚಿಕೊಳ್ಳುತ್ತದೆ, ಬೈಗುಳ ಹುಳುವಿಗೆ. ಮಳೆಗಾಲದಲ್ಲಿ ಗಾಜಿನ ಮೇಲೆ ಗೆರೆ ಹಾಕಿಕೊಂಡು ಅಲ್ಲಿವರೆಗೆ ಮಾತ್ರ ತುಂಬಿಸಿ.

ಹಂತ 2: ಯಾವ ಹವಳ ಹಾಳಾಗುತ್ತಿದೆ?

ಇಡೀ ಕೆಲಸದ ಜೀವಾಳ ಈ ಹಂತ. ಹವಳ ತಿನ್ನುವ ಸ್ಲಗ್‌ಗಳು ಊಟದ ವಿಷಯದಲ್ಲಿ ಮಹಾ ಹಠಮಾರಿಗಳು. ಒಂದು ಗುಂಪಿನ ಹವಳಕ್ಕೆ ಒಗ್ಗಿಕೊಂಡ ಹುಳು ಇನ್ನೊಂದನ್ನು ಮೂಸಿಯೂ ನೋಡುವುದಿಲ್ಲ. ಹವಳದ ಹೆಸರು ಗೊತ್ತಾದರೆ ಹುಳುವಿನ ಹೆಸರು ಅರ್ಧ ಗೊತ್ತಾದ ಹಾಗೆ.

*ಝೋಆಂಥಿಡ್:* ನಮ್ಮ ಕಡೆ ಹೆಚ್ಚಿನವರು ಇಡುವುದು ಇದನ್ನೇ, ಹಾಗಾಗಿ ದೂರೂ ಇದರದೇ ಜಾಸ್ತಿ. ಗುಂಪಿನ ಒಂದು ಅಂಚಿನಿಂದ ಪಾಲಿಪ್‌ಗಳು (ಹೂವಿನಂತೆ ಅರಳುವ ಒಂದೊಂದು ಹವಳದ ಜೀವಿ) ಮುಚ್ಚಿಕೊಂಡು ದಿನಗಟ್ಟಲೆ ಅರಳುವುದಿಲ್ಲ. ಆಮೇಲೆ ಒಂದೊಂದೇ ಪಾಲಿಪ್ ಕರಗಿ ಮಾಯವಾಗುತ್ತದೆ. ಹುಳು ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರ್. ಬೆನ್ನ ತುಂಬ ಕುಚ್ಚು. ಆ ಕುಚ್ಚಿನ ಬಣ್ಣ, ಉದ್ದ ಎರಡೂ ಪಾಲಿಪ್ಪಿನ ಅಂಚಿನ ಎಳೆಗಳನ್ನೇ ಹೋಲುತ್ತವೆ. ಮುಚ್ಚಿಕೊಂಡ ಪಾಲಿಪ್‌ಗಳ ನಡುವೆ ಒಂದೇ ಒಂದು "ಪಾಲಿಪ್" ಅರಳಿ ಕೂತಿದ್ದರೆ ಅದನ್ನೇ ದಿಟ್ಟಿಸಿ ನೋಡಿ. ಅದು ಜಾಗ ಬದಲಿಸುತ್ತದೆ.

*ಮೊಂಟಿಪೋರಾ:* ಹವಳದ ಬುಡದಲ್ಲಿ ಅಥವಾ ತಟ್ಟೆಯ ಅಡಿಭಾಗದಲ್ಲಿ ಮೊದಲು ಬಿಳಿ ತೇಪೆ. ದಿನದಿನಕ್ಕೆ ಮೇಲಕ್ಕೆ ಹಬ್ಬುತ್ತದೆ. ಹುಳು ಬಿಳಿ, ಕೆಲವೇ ಮಿಲಿಮೀಟರ್. ಸತ್ತು ಬೆಳ್ಳಗಾದ ಜಾಗದ ಅಂಚಿನಲ್ಲೇ ಕೂರುವುದರಿಂದ ಬಿಳಿಯ ಮೇಲೆ ಬಿಳಿ, ಕಾಣುವುದಿಲ್ಲ. ಹವ್ಯಾಸಿಗಳನ್ನು ವರ್ಷಗಟ್ಟಲೆ ಕಾಡಿದ ಈ ಹುಳುವಿಗೆ ವಿಜ್ಞಾನಿಗಳು ಫೆಸ್ಟಿಲ್ಲಾ ಸಬ್‌ಓಡಿಯೋಸಾ ಎಂದು ಹೆಸರಿಟ್ಟಿದ್ದು 2020ರಲ್ಲಿ.

*ಪೊರೈಟಿಸ್, ಗೋನಿಯೋಪೋರಾ, ಸನ್ ಕೋರಲ್:* ಇವುಗಳಿಗೂ ಫೆಸ್ಟಿಲ್ಲಾ ಬಳಗದ ಬೇರೆ ಬೇರೆ ಜಾತಿಗಳಿವೆ. ಸನ್ ಕೋರಲ್ ತಿನ್ನುವ ಹುಳು ಕಿತ್ತಳೆ ಹವಳ ತಿಂದರೆ ಕಿತ್ತಳೆ, ಕಪ್ಪು ಹವಳ ತಿಂದರೆ ಕಪ್ಪು. ಬಣ್ಣ ನೋಡಿ ಗುರುತಿಸಲು ಹೋದವರ ಗತಿ ಏನಾಗುತ್ತದೆ ನೋಡಿ!

*ಲೆದರ್, ಝೀನಿಯಾ ಮುಂತಾದ ಮೆದು ಹವಳ:* ಲೆದರ್ ಹವಳದ ಕಾಂಡದಲ್ಲಿ ಗುಳಿ, ತೂತು ಕಂಡರೆ ಟ್ರೈಟೋನಿಯಾಪ್ಸಿಸ್ ಇರಬಹುದು. ಇದರ ಮೈ ಬಿಳಿ ಅಥವಾ ತಿಳಿ ಗುಲಾಬಿ. ಕುಚ್ಚು ಬೆನ್ನ ತುಂಬ ಇರದೆ ಎರಡು ಪಕ್ಕದಲ್ಲಿ ಸಾಲಾಗಿ, ಕವಲೊಡೆದು ಇರುತ್ತದೆ. ಝೀನಿಯಾದಲ್ಲಿ ಕಾಣುವುದು ಫಿಲ್ಲೋಡೆಸ್ಮಿಯಂ. ಇವುಗಳಲ್ಲಿ ಕೆಲವು ಹವಳದೊಳಗಿನ ಸೂಕ್ಷ್ಮ ಪಾಚಿಯನ್ನು ತಮ್ಮ ಕುಚ್ಚಿನಲ್ಲಿ ಜೀವಂತ ಇಟ್ಟುಕೊಂಡು, ಬೆಳಕಿನಿಂದಲೂ ಊಟ ಪಡೆಯುತ್ತವೆ.

*ಅಕ್ರೋಪೋರಾ:* ಇಲ್ಲಿ ಮೊದಲ ಅನುಮಾನ ಚಪ್ಪಟೆ ಹುಳುವಿನ ಮೇಲೆ. ಕೊಂಬೆಯ ಮೇಲೆ ಪೇಲವವಾದ ದುಂಡು ಕಡಿತದ ಗುರುತುಗಳಿದ್ದರೆ ಅದರದೇ ಕೆಲಸ.

ಪ್ರಸಂಗ ಬಂದದ್ದಕ್ಕೆ ಹೇಳಿಬಿಡುತ್ತೇನೆ. ಕಲ್ಲು ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯದು, ಲಕ್ಷದ್ವೀಪದ್ದು ಅಂತ ಯಾರಾದರೂ ತುಂಡು ತಂದುಕೊಟ್ಟರೆ ಮುಟ್ಟಬೇಡಿ. ಆಮದಾದದ್ದು ಎಂದರೆ ಅದರ ಕಾಗದಪತ್ರ ಕೇಳಿ ಇಟ್ಟುಕೊಳ್ಳಿ.

ಹಂತ 3: ರಾತ್ರಿ ಹುಡುಕಾಟ

ಹಗಲಲ್ಲಿ ಈ ಹುಳುಗಳು ಬುಡದಲ್ಲಿ, ಪ್ಲಗ್ಗಿನ ಅಡಿಯಲ್ಲಿ ಅವಿತಿರುತ್ತವೆ. ಲೈಟ್ ಆರಿ ಎರಡು ಗಂಟೆಯಾದ ಮೇಲೆ ನೋಡಿ.

ಮೊದಲು ಪಂಪ್ ನಿಲ್ಲಿಸಿ, ನೀರು ಅಲುಗಾಡದಂತೆ ಆಗಲು ಹತ್ತು ನಿಮಿಷ ಬಿಡಿ. ಆಮೇಲೆ ಕೆಂಪು ಟಾರ್ಚ್. ಬಿಳಿ ಬೆಳಕು ಬಿದ್ದ ಕೂಡಲೇ ಹಲವು ಜೀವಿಗಳು ಬಿಲ ಸೇರುತ್ತವೆ, ಕೆಂಪಿಗೆ ಅಷ್ಟಾಗಿ ಬೆದರುವುದಿಲ್ಲ. ಹಂತ 2ರಲ್ಲಿ ಅನುಮಾನ ಬಂದ ಹವಳವನ್ನು ಮಾತ್ರ ನೋಡಿ. ಇಡೀ ಟ್ಯಾಂಕ್ ಸುತ್ತಿದರೆ ನೂರೆಂಟು ಜೀವಿ ಕಂಡು ತಲೆ ಕೆಡುತ್ತದೆ. ಸತ್ತ ಜಾಗ ಮತ್ತು ಬದುಕಿರುವ ಜಾಗ ಸೇರುವ ಗೆರೆಯ ಉದ್ದಕ್ಕೂ ನಿಧಾನವಾಗಿ ಕಣ್ಣು ಹಾಯಿಸಿ. ಏನಾದರೂ ಚಲಿಸಿದರೆ ಜಾಗ ನೆನಪಿಟ್ಟುಕೊಂಡು ಬಿಳಿ ಟಾರ್ಚ್ ಹಾಕಿ ಖಚಿತ ಮಾಡಿಕೊಳ್ಳಿ. ನೀಲಿ ಲೈಟಿನಲ್ಲಿ ಹುಡುಕಬೇಡಿ. ಝೋಆಂಥಿಡ್ ತಿನ್ನುವ ಹುಳು ಹವಳದ ಜೊತೆಗೇ ಹೊಳೆದು ಅದರಲ್ಲೇ ಬೆರೆತುಹೋಗಬಹುದು.

ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಬೈದುಕೊಳ್ಳುತ್ತಾ ಕೂರಬೇಡಿ. ಲೈಟೂ ಇಲ್ಲ, ಪಂಪೂ ಇಲ್ಲ, ಹುಡುಕಲು ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಬ್ಯಾಟರಿ ಏರ್ ಪಂಪ್ ಒಂದು ಓಡುತ್ತಿರಲಿ, ಅಷ್ಟೇ.

ಒಂದು ರಾತ್ರಿ ಏನೂ ಕಾಣಲಿಲ್ಲ ಅಂತ "ಹುಳು ಇಲ್ಲ" ಎಂದು ತೀರ್ಮಾನಿಸಬೇಡಿ. ಹವಳವನ್ನು ಪ್ಲಗ್ ಸಮೇತ ಎತ್ತಿ ಅಡಿಭಾಗ ನೋಡಿ. ಅಡಿ ನೋಡದವರೇ ಹೆಚ್ಚು.

ಹಂತ 4: ಮೊಟ್ಟೆ ಹುಡುಕುವುದು

ಹುಳು ಓಡಿಹೋಗುತ್ತದೆ, ಮೊಟ್ಟೆ ಓಡುವುದಿಲ್ಲ. ಹುಳು ಸಿಗದಿದ್ದರೂ ಮೊಟ್ಟೆ ಸಿಕ್ಕರೆ ಸಾಕು, ಅನುಮಾನ ಗಟ್ಟಿಯಾಗುತ್ತದೆ.

ಝೋಆಂಥಿಡ್ ತಿನ್ನುವ ಹುಳುವಿನ ಮೊಟ್ಟೆ ಬಿಳಿ ದಾರವೊಂದನ್ನು ಚಕ್ಕುಲಿಯ ಹಾಗೆ ಸುತ್ತಿಟ್ಟಂತೆ ಇರುತ್ತದೆ, ಪಾಲಿಪ್ ಕಾಂಡದ ಮೇಲೆ ಅಥವಾ ಪ್ಲಗ್ಗಿನ ಬದಿಯಲ್ಲಿ. ಮೊಂಟಿಪೋರಾ ಹುಳುವಿನದು ಚಿಕ್ಕ ಬಿಳಿ ಗುಪ್ಪೆ, ಹವಳದ ಅಡಿಯ ಗುಳಿಗಳಲ್ಲಿ. ಲೂಪ್ ಹಿಡಿದು ನೋಡಿದರೆ ಪಾರದರ್ಶಕ ಲೋಳೆಯೊಳಗೆ ಒಂದೊಂದು ಕಾಳೂ ಬೇರೆ ಬೇರೆ ಕಾಣುತ್ತದೆ.

ಇಲ್ಲಿ ಎರಡು ಸುಳ್ಳು ಗಾಬರಿಗಳಿವೆ. ಮೊದಲನೆಯದು ಸ್ಪೈರಾರ್ಬಿಡ್ ಹುಳುಗಳ ಗೂಡು. ಗಾಜು, ಪಂಪ್, ಕಲ್ಲು ಎಲ್ಲೆಂದರಲ್ಲಿ ಒಂದೆರಡು ಮಿಲಿಮೀಟರಿನ ಬಿಳಿ ಸುರುಳಿ. ನೋಡಿದರೆ ಥೇಟ್ ಮೊಟ್ಟೆ. ಎರಡನೆಯದು ನೆರೈಟ್ ಬಸವನಹುಳು ಗಾಜಿನ ಮೇಲೆ ಇಡುವ ಬಿಳಿ ಚುಕ್ಕೆ ಮೊಟ್ಟೆಗಳು. ಪರೀಕ್ಷೆ ಸುಲಭ: ಗ್ಲೌಸ್ ಹಾಕಿದ ಬೆರಳಿನಿಂದ ಗೀರಿ. ಗಟ್ಟಿಯಾಗಿ, ಸುಣ್ಣ ಸುಣ್ಣವಾಗಿ ತಾಗಿದರೆ ಚಿಂತೆ ಬೇಡ. ಲೋಳೆಯಾಗಿ ಜಾರಿ ಎದ್ದು ಬಂದರೆ ಅದು ಸ್ಲಗ್ಗಿನ ಮೊಟ್ಟೆ ಇರಬಹುದು.

ಹಾಗಂತ ಮೊಟ್ಟೆಯ ಆಕಾರವೊಂದನ್ನೇ ನಂಬಬೇಡಿ. ಟ್ಯಾಂಕಿನಲ್ಲಿ ಕಳೆಯ ಹಾಗೆ ಹಬ್ಬುವ ಐಪ್ಟೇಸಿಯಾ (ಒಂದು ಬಗೆಯ ಸೀ ಅನಿಮೋನ್) ತಿಂದು ನಮಗೆ ಉಪಕಾರ ಮಾಡುವ ಬರ್ಗಿಯಾ ಎಂಬ ನ್ಯೂಡಿಬ್ರಾಂಕ್ ಕೂಡ ಬಿಳಿ ಸುರುಳಿಯನ್ನೇ ಇಡುತ್ತದೆ. ಆಕಾರಕ್ಕಿಂತ ಜಾಗ ಮುಖ್ಯ. ಬಾಡುತ್ತಿರುವ ಹವಳದ ಮೈ ಮೇಲೇ ಮೊಟ್ಟೆ ಇದ್ದರೆ ಅದೇ ಸಾಕ್ಷಿ.

ಹಂತ 5: ಬಟ್ಟಲಲ್ಲಿ ಇಟ್ಟು ನೋಡುವುದು

ಹುಳುವನ್ನು ಸಿರಿಂಜಿನಿಂದ ಮೆಲ್ಲಗೆ ಎಳೆದುಕೊಂಡು, ಟ್ಯಾಂಕಿನದೇ ನೀರು ಒಂದು ಸೆಂಟಿಮೀಟರ್ ಇರುವ ಬಿಳಿ ಬಟ್ಟಲಿಗೆ ಬಿಡಿ. ಚಿಮುಟದಲ್ಲಿ ಹಿಡಿದರೆ ಕುಚ್ಚು ಉದುರಿ ಗುರುತೇ ಸಿಗದಂತಾಗುತ್ತದೆ.

ಮೊದಲು ಅದು ಮುದುಡಿ ಉಂಡೆಯಾಗಿ ಕೂರುತ್ತದೆ. ಆಗ ಫೋಟೋ ತೆಗೆಯಬೇಡಿ, ಐದು ನಿಮಿಷ ಸುಮ್ನೆ ಬಿಡಿ. ನಿಧಾನವಾಗಿ ತಲೆ ಚಾಚುತ್ತದೆ, ತಳದ ಪಾದ ಬಟ್ಟಲಿಗೆ ಅಂಟುತ್ತದೆ, ಬೆನ್ನಿನ ಕುಚ್ಚುಗಳು ಒಂದೊಂದಾಗಿ ಏಳುತ್ತವೆ. ಈಗ ಲೂಪ್ ಹಿಡಿದು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಚಿಪ್ಪು ಇದೆಯಾ? ಮೈಯ ಒಂದು ಭಾಗದ ಮೇಲೆ ಕಿರುಬೆರಳ ಉಗುರಿನಷ್ಟು ಚಪ್ಪಟೆ ಚಿಪ್ಪು ಇದ್ದರೆ ಅದು ಸ್ಟೊಮಟೆಲ್ಲಾ. ಪಾಚಿ ತಿನ್ನುತ್ತದೆ. ವಾಪಸ್ ಬಿಡಿ.

2. ತಲೆಯ ಮೇಲೆ ಕೊಂಬು ಎಷ್ಟು? ಕುಚ್ಚಿನ ನ್ಯೂಡಿಬ್ರಾಂಕ್‌ಗಳಿಗೆ ಸಾಮಾನ್ಯವಾಗಿ ಎರಡು ಜೊತೆ: ಬಾಯಿಯ ಪಕ್ಕ ಒಂದು ಜೊತೆ, ತಲೆಯ ಮೇಲೆ ಇನ್ನೊಂದು. ಕೊಂಬೂ ಇಲ್ಲ, ಕುಚ್ಚೂ ಇಲ್ಲ, ಮೈ ದಪ್ಪವೂ ಇಲ್ಲದೆ ಜಾರಿಕೊಂಡು ಹೋಗುತ್ತಿದ್ದರೆ ಅದು ಚಪ್ಪಟೆ ಹುಳು, ಸ್ಲಗ್ ಅಲ್ಲ.

3. ಬೆನ್ನ ಮೇಲೆ ಇರುವುದು ಕುಚ್ಚೋ, ಮಡಿಕೆಯೋ? ಅಲೆಅಲೆಯಾದ ಹಸಿರು ಮಡಿಕೆಗಳಿದ್ದರೆ ಅದು ಲೆಟಿಸ್ ಸ್ಲಗ್, ಎಲಿಸಿಯಾ ಕ್ರಿಸ್ಪಾಟಾ. ಪಾಚಿಯ ರಸ ಹೀರಿ ಬದುಕುವ ಸಾಧು ಜೀವಿ.

4. ಕುಚ್ಚಿನ ಒಳಗೆ ಯಾವ ಬಣ್ಣ? ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಕುಚ್ಚಿನ ಹೊರಚರ್ಮ ಹೆಚ್ಚಾಗಿ ಪಾರದರ್ಶಕ. ಒಳಗೆ ಜೀರ್ಣಾಂಗದ ಒಂದು ಕವಲು ಬಣ್ಣದ ಎಳೆಯಾಗಿ ತುದಿಯವರೆಗೂ ಹೋಗಿರುತ್ತದೆ. ಆ ಎಳೆಯ ಬಣ್ಣ ಎಂದರೆ ಹುಳುವಿನ ಊಟದ ಬಣ್ಣ. ಪಕ್ಕದಲ್ಲಿ ಅನುಮಾನದ ಹವಳ ಇಟ್ಟು ಹೋಲಿಸಿ.

ಫೋಟೋ ಕಳಿಸುವುದಿದ್ದರೆ ಈಗ ತೆಗೆಯಿರಿ. ಬಿಳಿ ಬೆಳಕು, ನೇರ ಮೇಲಿನಿಂದ, ಬಟ್ಟಲ ಪಕ್ಕ ಗ್ರಾಫ್ ಪೇಪರ್. ಯಾವ ಹವಳದ ಮೇಲೆ ಸಿಕ್ಕಿತು ಅಂತ ಕೆಳಗೆ ಬರೆಯಿರಿ. ಅದಿಲ್ಲದ ಫೋಟೋಗೆ ಉತ್ತರ ಕೊಡುವವರು ಊಹೆ ಮಾಡುತ್ತಿದ್ದಾರೆ ಎಂದುಕೊಳ್ಳಿ.

ಹಂತ 6: ಊಟದ ಪರೀಕ್ಷೆ

ಇಷ್ಟಾದರೂ ಬರ್ಗಿಯಾನೋ ಝೋಆಂಥಿಡ್ ಹುಳುನೋ ಅಂತ ತೀರ್ಮಾನವಾಗದಿರಬಹುದು. ಎರಡಕ್ಕೂ ಕುಚ್ಚಿದೆ, ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ. ಬರ್ಗಿಯಾದ ತಲೆಯ ಹತ್ತಿರ ಕಿತ್ತಳೆ ಗುರುತು ಇರುತ್ತದೆ ನಿಜ, ಆದರೆ ಮರಿಯಲ್ಲಿ ಅದು ಮಸುಕು. ನೀವು ದುಡ್ಡು ಕೊಟ್ಟು ಬರ್ಗಿಯಾ ತಂದು ಬಿಟ್ಟಿದ್ದರೆ ಅನುಮಾನದ ಲಾಭ ಅದಕ್ಕೇ ಕೊಡಿ. ಕಂಡ ಕುಚ್ಚನ್ನೆಲ್ಲ ಕೊಲ್ಲಲು ಹೋಗಬೇಡಿ.

ಟ್ಯಾಂಕಿನೊಳಗೇ ತೂಗುಹಾಕುವ ಬ್ರೀಡರ್ ಬಾಕ್ಸಿನಲ್ಲಿ, ಜಾಲರಿ ಸಣ್ಣದಿರುವುದು ನೋಡಿಕೊಂಡು, ಹುಳುವನ್ನು ಬಿಡಿ. ಒಂದು ಮೂಲೆಯಲ್ಲಿ ಒಂದು ಝೋಆಂಥಿಡ್ ಪಾಲಿಪ್, ಇನ್ನೊಂದು ಮೂಲೆಯಲ್ಲಿ ಒಂದು ಚಿಕ್ಕ ಐಪ್ಟೇಸಿಯಾ. ಎರಡು ರಾತ್ರಿ ಬಿಟ್ಟು ಯಾವುದರ ಮೇಲೆ ಕೂತಿದೆ, ಯಾವುದು ತಿಂದುಹೋಗಿದೆ ನೋಡಿ. ಬರ್ಗಿಯಾ ಐಪ್ಟೇಸಿಯಾ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಹಂತ 7: ಗುರುತು ಸಿಕ್ಕಿತು, ಮುಂದೇನು?

"ತೋಟದ ಸಿಂಬಳದ ಹುಳಕ್ಕೆ ಉಪ್ಪು ಹಾಕಿದರೆ ಸಾಯುತ್ತಲ್ಲ, ಇದಕ್ಕೂ ಹಾಕಬಹುದಲ್ವಾ?" ಎಂದು ಕೇಳುವವರಿದ್ದಾರೆ. ಕಡಲ ಹುಳುವಿಗೆ ಉಪ್ಪಿನ ಭಯವೆಲ್ಲಿ! ತೋಟದ ಬಸವನಹುಳುವಿಗೆ ಇಡುವ ವಿಷದ ಗುಳಿಗೆಯನ್ನಂತೂ ಟ್ಯಾಂಕಿನ ಹತ್ತಿರವೂ ತರಬೇಡಿ. ಹೊರದೇಶಗಳಲ್ಲಿ ಕೆಲವರು ಕೀಟನಾಶಕದಲ್ಲಿ ಹವಳ ಅದ್ದುತ್ತಾರೆ ಅಂತ ಓದಿ, ಮನೆಯಲ್ಲಿರುವ ಇಮಿಡಾಕ್ಲೋಪ್ರಿಡ್ ಬಾಟಲಿಗೆ ಕೈ ಹಾಕುವುದೂ ಬೇಡ. ಹವಳಕ್ಕೆ ಅಂಟಿ ಉಳಿದ ಅಂಶ ಸಾಕು, ಸಿಗಡಿ, ಏಡಿ ಸಾಯುತ್ತವೆ.

ಹವಳಕ್ಕೆಂದೇ ಮಾಡಿದ ಡಿಪ್ ದ್ರಾವಣ ತನ್ನಿ. ಲೇಬಲ್ಲಿನ ಅಳತೆಯಲ್ಲೇ ಟ್ಯಾಂಕಿನ ನೀರಿಗೆ ಬೆರೆಸಿ, ಅದರಲ್ಲಿ ಹೇಳಿದಷ್ಟೇ ಹೊತ್ತು ಹವಳವನ್ನು ಅದ್ದಿ. ನಡುನಡುವೆ ಸಿರಿಂಜಿನಿಂದ ಜೋರಾಗಿ ನೀರು ಊದಿ. ಸಂದಿಯಲ್ಲಿದ್ದ ಹುಳು ಬಿಟ್ಟುಕೊಂಡು ಬಟ್ಟಲ ತಳಕ್ಕೆ ಬೀಳುತ್ತದೆ. ಆಮೇಲೆ ಬೇರೆ ಶುದ್ಧ ಉಪ್ಪುನೀರಿನಲ್ಲಿ ತೊಳೆಯಿರಿ. ಡಿಪ್ ನೀರು ಟ್ಯಾಂಕಿಗೆ ವಾಪಸ್ ಹೋಗಬಾರದು, ಬಾವಿಕಟ್ಟೆಯ ಹತ್ತಿರವೂ ಚೆಲ್ಲಬಾರದು. ಹಿಡಿದ ಹುಳುವನ್ನು ಸಿಹಿನೀರಿಗೆ ಹಾಕಿದರೆ ಸಾಯುತ್ತದೆ. ಪಾಪ ಅಂತ ಹೊನ್ನಾವರಕ್ಕೆ ಹೋದಾಗ ಕಡಲಿಗೆ ಬಿಡುವ ಯೋಚನೆ ಬೇಡ.

ಹೆಚ್ಚಿನವರು ಸೋಲುವುದು ಇದಾದ ಮೇಲೆ. ಡಿಪ್ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಒಂದು ಸಲ ಅದ್ದಿ "ಮುಗಿಯಿತು" ಎಂದು ಟ್ಯಾಂಕಿಗೆ ಇಟ್ಟರೆ, ಸ್ವಲ್ಪ ದಿನದಲ್ಲೇ ಮೊಟ್ಟೆ ಒಡೆದು ಕತೆ ಮೊದಲಿಂದ. ಹಾಗಾಗಿ ಮೊಟ್ಟೆಯನ್ನು ಬ್ರಷ್ ಮತ್ತು ಚಿಮುಟದಿಂದ ಕೈಯಾರೆ ತೆಗೆಯಬೇಕು. ಹಳೆಯ ಪ್ಲಗ್ ಕತ್ತರಿಸಿ ಎಸೆದು ಹವಳವನ್ನು ಹೊಸ ಪ್ಲಗ್ಗಿಗೆ ಅಂಟಿಸಿ. ಕೈಗೆ ಎಟುಕದ ಸಂದಿಯ ಮೊಟ್ಟೆಯ ಮೇಲೆ ಸೂಪರ್ ಗ್ಲೂ ಜೆಲ್ ಮೆತ್ತಿ ಮುಚ್ಚಿ. ಐದಾರು ದಿನಕ್ಕೊಮ್ಮೆ ಮತ್ತೆ ಡಿಪ್, ಕೊನೆಯ ಹುಳು ಕಂಡ ಮೇಲೂ ಕನಿಷ್ಠ ಒಂದು ತಿಂಗಳು.

ಈ ಅವಧಿಯಲ್ಲಿ ಹವಳ ಇರಬೇಕಾದದ್ದು ಬೇರೆ ಚಿಕ್ಕ ಟ್ಯಾಂಕಿನಲ್ಲಿ. ಅದಕ್ಕೂ ಹೀಟರ್ ಬೇಕು. ಡಿಸೆಂಬರಿನಲ್ಲಿ ಮಲೆನಾಡಿನ ಮನೆಗಳ ಒಳಗೂ ಚಳಿ ಇರುತ್ತದೆ. ನೀರು ತಣ್ಣಗಾದರೆ ಮೊಟ್ಟೆ ಒಡೆಯುವುದೂ ತಡವಾಗುತ್ತದೆ, ನಿಮ್ಮ ಲೆಕ್ಕ ತಪ್ಪುತ್ತದೆ.

ಹಂತ 8: ದೊಡ್ಡ ಟ್ಯಾಂಕನ್ನು ಖಾಲಿ ಬಿಡುವುದು

ಆ ಜಾತಿಯ ಹವಳ ಒಂದು ತುಂಡೂ ಉಳಿಯದಂತೆ ದೊಡ್ಡ ಟ್ಯಾಂಕಿನಿಂದ ತೆಗೆಯಿರಿ. ಕಲ್ಲಿನ ಹಿಂದೆ ಅಂಟಿದ ಎರಡು ಪಾಲಿಪ್ ಕೂಡ ಬೇಡ. ಊಟದ ಹಠ ಈಗ ನಮ್ಮ ಕಡೆ ಕೆಲಸ ಮಾಡುತ್ತದೆ. ಪೊರೈಟಿಸ್ ತಿನ್ನುವ ಫೆಸ್ಟಿಲ್ಲಾ ಮೇಲೆ ಹವಾಯಿಯಲ್ಲಿ ನಡೆದ ಕೆಲಸದಿಂದ ಗೊತ್ತಾಗಿರುವಂತೆ, ಅದರ ಈಜುಮರಿ ನೀರಿನಲ್ಲಿ ಕರಗಿದ ಹವಳದ ವಾಸನೆ ಸಿಕ್ಕರೆ ಮಾತ್ರ ತಳಕ್ಕಿಳಿದು ಸ್ಲಗ್ ಆಗುತ್ತದೆ. ಬೆಳೆದ ಹುಳುಗಳೂ ಊಟವಿಲ್ಲದೆ ಸಾಯುತ್ತವೆ.

ಯೆಲ್ಲೋ ಕೋರಿಸ್, ಸಿಕ್ಸ್‌ಲೈನ್ ಮುಂತಾದ ರಾಸ್ ಮೀನು ಅಡ್ಡಾಡುವ ಸ್ಲಗ್‌ಗಳನ್ನು ಹೆಕ್ಕಿ ತಿನ್ನುವುದುಂಟು. ಆದರೆ ಮೊಟ್ಟೆ ತಿನ್ನುತ್ತವೆ ಎಂದು ನಂಬಿ ಕೂರಬೇಡಿ, ರಾತ್ರಿ ಅವು ನಿದ್ದೆ ಮಾಡುತ್ತವೆ.

ಆರು ವಾರ ಖಾಲಿ ಬಿಟ್ಟು, ಮೊದಲು ಒಂದೇ ಒಂದು ತುಂಡು ಹವಳ ಇಟ್ಟು ನೋಡಿ. ಅದು ಎರಡು ವಾರ ಚೆನ್ನಾಗಿ ಅರಳಿ, ಅಡಿಯಲ್ಲಿ ಬಿಳಿ ಸುರುಳಿ ಕಾಣದಿದ್ದರೆ ಉಳಿದದ್ದನ್ನು ತನ್ನಿ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಿಕೊಂಡ ಹೊಸ ಫ್ರ್ಯಾಗ್ ಬೆಳಿಗ್ಗೆ ಕೈಗೆ ಸಿಕ್ಕ ದಿನ ಅದನ್ನೂ ಮೊದಲು ಚಿಕ್ಕ ಟ್ಯಾಂಕಿಗೇ ಹಾಕಿ, ಪ್ಲಗ್ ತಿರುಗಿಸಿ ಅಡಿ ನೋಡಿ.